ಪಶ್ಚಾತ್ತಾಪಕ್ಕೂ ಒಂದು ಮುದ್ದತು ಬೇಕು

ಕೊಂಡ ಸರಕು ಮನಸ್ಸಿಗೆ ಬಾರದಿದ್ದರೆ ಅದನ್ನು ಅಂಗಡಿಗೆ ಮರಳಿಸುವ ರೂಢಿಯು ನಮ್ಮ ಪೇಟೆಗಳಲ್ಲಿ ಹೊಸದಲ್ಲ. ಸೀರೆಯ ಬಣ್ಣವು ಮನೆಯವರಿಗೆ ಒಪ್ಪದೆ, ಮಡಿಕೆ ಮುರಿಯದೆ ಮರುದಿನ ಹಿಂದಕ್ಕೆ ಒಯ್ದರೆ, ಹುಬ್ಬಳ್ಳಿಯ ಜವಳಿ ಸಾಲಿನ ವರ್ತಕನು ಮುಖ ಸಿಂಡರಿಸಿಯಾದರೂ ಬೇರೊಂದನ್ನು ಕೊಡುತ್ತಾನೆ. ಎರಡು ಸಾವಿರ ರೂಪಾಯಿಯ ಸೀರೆಗೆ ಇರುವ ಈ ಸೌಲಭ್ಯವು ನಾಲ್ಕು ಲಕ್ಷ ರೂಪಾಯಿಯ ‘ವಿಹಾರ ಸದಸ್ಯತ್ವ’ಕ್ಕೆ ಇಲ್ಲ. ಹಾಲಿಡೇ ಮೆಂಬರ್‌ಶಿಪ್ ಎಂದು ಜನರ ಬಾಯಲ್ಲಿ ರೂಢವಾಗಿರುವ ಈ ಕ್ರಯವನ್ನು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಅದನ್ನು ರದ್ದು ಮಾಡಿಸುವುದಕ್ಕೆ ವರ್ಷಗಳು ಸಾಲವು. ನಮ್ಮ ನಗರಗಳ ನೌಕರವರ್ಗದವರಲ್ಲಿ, ವಿಶೇಷವಾಗಿ ಈಗತಾನೆ ನಿವೃತ್ತಿವೇತನಕ್ಕೆ ಬಂದಿರುವ ಮಹನೀಯರಲ್ಲಿ, ಈ ಬಲೆಗೆ ಸಿಕ್ಕಿದವರು ಅನೇಕರಿದ್ದಾರೆ. ಅವರಲ್ಲಿ ಬಹುಮಂದಿ ನಾಚಿಕೆಯಿಂದ ಬಾಯಿ ತೆರೆಯುವುದಿಲ್ಲ. ಆದಕಾರಣ ಈ ವಿಷಯವನ್ನು ನಾವೇ ಎತ್ತಿ ಆಡಬೇಕಾಗಿದೆ.

ಇದರ ಮೂಲವು ಯುರೋಪಿನದು. ಸ್ವಿಟ್ಜರ್ಲೆಂಡಿನಲ್ಲಿ 1963ರಲ್ಲಿ ಹಾಪಿಮಾಗ್ ಎಂಬ ಸಂಸ್ಥೆಯು ಹುಟ್ಟಿತು. ಒಂದು ವಿಹಾರಗೃಹವನ್ನು ಒಬ್ಬನೇ ಕೊಳ್ಳಲಾರನು, ಕೊಂಡರೂ ವರ್ಷದಲ್ಲಿ ಒಂದೆರಡು ವಾರಕ್ಕಿಂತ ಹೆಚ್ಚಾಗಿ ಅಲ್ಲಿ ಇರಲಾರನು. ಹಲವರು ಸೇರಿ ಕೊಂಡು ಕಾಲವನ್ನು ಹಂಚಿಕೊಂಡರೆ ಎಲ್ಲರಿಗೂ ಅಗ್ಗವಾಗುತ್ತದೆ, ಎಂಬುದು ಇದರ ತತ್ತ್ವ. ತತ್ತ್ವದಲ್ಲಿ ದೋಷವೇನೂ ಇಲ್ಲ. ಬಾವಿಯನ್ನೂ ಕಣವನ್ನೂ ಹಂಚಿಕೊಂಡು ಬಾಳಿದ ನಮ್ಮ ಜನರಿಗೆ ಅದು ಅಪರಿಚಿತವೂ ಅಲ್ಲ. ಹಿಂದುಸ್ಥಾನದಲ್ಲಿ 1986ರಲ್ಲಿ ಸ್ಟರ್ಲಿಂಗ್ ಸಂಸ್ಥೆಯೂ 1996ರಲ್ಲಿ ಮಹೀಂದ್ರ ಸಂಸ್ಥೆಯೂ ಈ ಉದ್ಯಮವನ್ನು ಆರಂಭಿಸಿದುವು. ಆ ಬಳಿಕ ದೊಡ್ಡವೂ ಚಿಕ್ಕವೂ ಆದ ಹಲವು ಕಂಪನಿಗಳು, ಕೆಲವು ಒಂದೆರಡು ವರ್ಷ ಮಾತ್ರ ಬಾಳಿ ಫಲಕ ಬದಲಿಸಿದಂಥವೂ, ಬಂದಿವೆ. ಸದಸ್ಯನಾಗಿ ವರ್ಷ ವರ್ಷವೂ ಕುಟುಂಬದೊಡನೆ ಹೋಗಿಬಂದು ತೃಪ್ತರಾದವರನ್ನು ನಾವು ಬಲ್ಲೆವು. ಇಲ್ಲಿ ನಾವು ಯಾವೊಂದು ಕಂಪನಿಯನ್ನೂ ಗುರಿಯಾಗಿಟ್ಟು ಬರೆಯುತ್ತಿಲ್ಲ. ನಮ್ಮ ಆಕ್ಷೇಪವಿರುವುದು ಮಾರಾಟದ ಕ್ರಮದ ಮೇಲೆ ಮತ್ತು ಕಾಯಿದೆಯ ಮೌನದ ಮೇಲೆ.

ಆ ಕ್ರಮವನ್ನು ತುಸು ನೋಡೋಣ. ಪೆಟ್ರೋಲ್ ಬಂಕಿನಲ್ಲಿಯೋ ಮಾಲಿನಲ್ಲಿಯೋ ಒಂದು ಚೀಟಿಯಲ್ಲಿ ಹೆಸರೂ ಮೊಬೈಲ್ ಸಂಖ್ಯೆಯೂ ಬರೆಯಲ್ಪಡುತ್ತವೆ. ವಾರದೊಳಗೆ ಫೋನು ಬರುತ್ತದೆ: ಅದೃಷ್ಟದ ಚೀಟಿಯಲ್ಲಿ ತಮ್ಮ ಹೆಸರು ಬಂದಿದೆ, ಮೂರು ರಾತ್ರಿಯ ವಾಸ ಉಚಿತ, ಭಾನುವಾರ ಸಂಜೆ ಇಂಥ ಹೋಟೆಲಿಗೆ ಬಂದು ಉಡುಗೊರೆ ಒಯ್ಯಬೇಕು. ನಿಬಂಧನೆ ಒಂದೇ: ದಂಪತಿಗಳು ಜೊತೆಯಾಗಿ ಬರಬೇಕು. ಈ ನಿಬಂಧನೆಯಲ್ಲಿಯೇ ಕೌಶಲವಿರುವುದು. ಒಬ್ಬನೇ ಬಂದವನು ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಪಾರಾಗಬಹುದು. ಮನೆಯೇ ಎದುರಿಗೆ ಕುಳಿತಿರುವಾಗ ಆ ಮಾತಿಗೆ ಎಡೆಯೆಲ್ಲಿ? ಸಭಾಂಗಣದಲ್ಲಿ ಸಂಗೀತ ಗಟ್ಟಿಯಾಗಿರುತ್ತದೆ. ಯಾರಾದರೂ ಸಹಿ ಮಾಡಿದೊಡನೆ ಚಪ್ಪಾಳೆಯಾಗುತ್ತದೆ. ಒಂದೂವರೆ ಗಂಟೆಯೆಂದು ಹೇಳಿದ ಕಾರ್ಯಕ್ರಮವು ನಾಲ್ಕು ಗಂಟೆಗೆ ಬೆಳೆಯುತ್ತದೆ. ಮಕ್ಕಳು ಹಸಿದು ರಚ್ಚೆ ಹಿಡಿಯುತ್ತಾರೆ. ಒಲ್ಲೆನೆಂದವರ ಬಳಿಗೆ ಮೊದಲು ಮೇಲಧಿಕಾರಿಯೂ ಆಮೇಲೆ ಅವನ ಮೇಲಧಿಕಾರಿಯೂ ಬಂದು, ಪ್ರತಿ ಸಲವೂ ಬೆಲೆಯನ್ನು ಇಷ್ಟಿಷ್ಟು ಇಳಿಸಿ, ಈ ದರವು ಇವತ್ತಿಗೆ ಮಾತ್ರವೆಂದು ಸಾರುತ್ತಾರೆ. ನಾಳೆ ಬಂದರೆ ಏಕೆ ಆಗದೆಂದು ಕೇಳಿದರೆ ಉತ್ತರವಿಲ್ಲ. ಉತ್ತರವಿಲ್ಲದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ: ಒಂದು ರಾತ್ರಿ ನಿದ್ದೆ ಮಾಡಿ ಎದ್ದವನು ಇದನ್ನು ಕೊಳ್ಳುವುದು ಕಡಿಮೆ.

ಹೀಗೆ ಕೊಂಡ ಒಬ್ಬ ನಿವೃತ್ತ ಅಧಿಕಾರಿಗಳು ತಮ್ಮ ಕಾಗದಪತ್ರಗಳನ್ನು ನಮ್ಮೆದುರಿಗೆ ಹರಡಿ ತೋರಿಸಿದರು. ಮೂವತ್ತು ವರ್ಷ ಸರಕಾರದ ಕಡತಗಳನ್ನು ಅಕ್ಷರ ಬಿಡದೆ ಓದಿ ಟಿಪ್ಪಣಿ ಬರೆದವರು, ತಮ್ಮ ಸ್ವಂತದ ಇಪ್ಪತ್ತು ಪುಟದ ಕರಾರನ್ನು ಮಾತ್ರ ಓದದೆ ಸಹಿ ಮಾಡಿದ್ದರು. ‘ಓದಲಿಕ್ಕೆ ಕೊಟ್ಟರೆ ತಾನೆ? ಕಾರ್ಡು ಉಜ್ಜಿದ ಮೇಲೆಯೇ ಕಾಗದ ಬಂದದ್ದು’ ಎಂದರು. ಅವರ ಧರ್ಮಪತ್ನಿಯವರು ಆ ಸಂಜೆಯೇ ‘ಇವತ್ತು ಬ್ಯಾಡ್ರಿ, ನಾಳೆ ಬಂದು ಹೇಳಿದರಾತು’ ಎಂದಿದ್ದರಂತೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದಾಗ, ಬಾಯಿಮಾತಿನಲ್ಲಿ ‘ಯಾವಾಗ ಬೇಕಾದರೂ’ ಎಂದಿದ್ದುದು ಕಾಗದದಲ್ಲಿ ‘ಲಭ್ಯತೆಗೆ ಒಳಪಟ್ಟು’ ಎಂದಾಗಿತ್ತು. ದಸರೆಯ ರಜೆಯಲ್ಲಿಯೂ ಮೇ ತಿಂಗಳಿನಲ್ಲಿಯೂ ಮಡಿಕೇರಿಯ ಕೊಠಡಿ ದೊರೆಯಬೇಕಾದರೆ ಬೇರೆ ಬಣ್ಣದ, ಹೆಚ್ಚು ಬೆಲೆಯ ಸದಸ್ಯತ್ವ ಬೇಕಾಗಿತ್ತು. ವರ್ಷಂಪ್ರತಿ ಶುಲ್ಕವೊಂದುಂಟೆಂಬುದನ್ನು ಸಭಾಂಗಣದಲ್ಲಿ ಯಾರೂ ಉಸಿರಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ರದ್ದು ಮಾಡಿರೆಂದು ಫೋನು ಮಾಡಿದರು. ಇ-ಮೇಲ್ ಕಳುಹಿಸಿರೆಂದರು. ಕಳುಹಿಸಿದರು. ನಿಮ್ಮ ಅಧಿಕಾರಿ ಮಾತಾಡುತ್ತಾರೆಂದರು. ಅವರು ರಜೆಯಲ್ಲಿದ್ದರು. ಏಳು ಕೆಲಸದ ದಿನ ಕಾಯಿರೆಂದರು. ಕಾದರು. ಹನ್ನೆರಡನೆಯ ದಿನ ಬಂದ ಉತ್ತರವೇನೆಂದರೆ, ರದ್ದತಿಗೆ ಕರಾರಿನಲ್ಲಿ ಕೊಟ್ಟಿದ್ದ ಹತ್ತು ದಿನದ ಅವಧಿಯು ಮೀರಿತೆಂದು! ಗಿರಾಕಿಯನ್ನು ಕಾಯಿಸಿದವರೇ ಕಾಲ ಮೀರಿತೆಂದು ಹೇಳುವ ಈ ನ್ಯಾಯಕ್ಕೆ ಏನೆನ್ನೋಣ?

ಈ ವ್ಯಾಪಾರದ ಲೆಕ್ಕವನ್ನು ಸಭಾಂಗಣದ ಹೊರಗೆ ಮಾಡಿ ನೋಡಿದರೆ ಸಂಗತಿ ತಿಳಿಯಾಗುತ್ತದೆ. ಒಬ್ಬ ಗೃಹಸ್ಥನು 4 ಲಕ್ಷ ರೂಪಾಯಿ ಕೊಟ್ಟು 25 ವರ್ಷಗಳ ಕಾಲ ವರ್ಷಕ್ಕೆ 7 ರಾತ್ರಿಯ ಹಕ್ಕನ್ನು ಕೊಂಡನೆಂದು ಇಟ್ಟುಕೊಳ್ಳೋಣ. ಒಟ್ಟು 175 ರಾತ್ರಿಗಳು. ರಾತ್ರಿಗೆ 2,286 ರೂಪಾಯಿ ಮಾತ್ರವೆಂದು ಮಾರುವವನು ಕಾಗದದ ಮೇಲೆ ಗೀಚಿ ತೋರಿಸುತ್ತಾನೆ. ಆದರೆ ಶೇಕಡಾ 18ರ ಜಿ.ಎಸ್.ಟಿ. ಸೇರಿ ಕೈಬಿಟ್ಟದ್ದು 4,72,000 ರೂಪಾಯಿ. ಅದನ್ನು ಬ್ಯಾಂಕಿನಲ್ಲಿ ಶೇಕಡಾ 7ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 33,040 ರೂಪಾಯಿ ಬರುತ್ತಿತ್ತು. ವಾರ್ಷಿಕ ಶುಲ್ಕವು 15,000 ರೂಪಾಯಿ ಎಂದಾದರೆ ತೆರಿಗೆ ಸೇರಿ 17,700. ಎರಡೂ ಕೂಡಿ 50,740 ರೂಪಾಯಿ. ಏಳು ರಾತ್ರಿಗೆ ಹಂಚಿದರೆ ರಾತ್ರಿಯೊಂದಕ್ಕೆ 7,200 ರೂಪಾಯಿಗೂ ಮಿಕ್ಕಿತು. ಅಂದರೆ ಸದಸ್ಯನಾಗದೆ ಉಳಿದವನು ಅಷ್ಟು ಬಾಡಿಗೆ ಕೊಟ್ಟು, ತನಗೆ ಬೇಕಾದ ಊರಿನಲ್ಲಿ, ಬೇಕಾದ ದಿನ ಇದ್ದು ಬರಬಹುದು. ಅಸಲು ಅಲ್ಲಿಯೇ ಇರುತ್ತದೆ. ಬಡ್ಡಿಯ ಮೇಲೆ ಆದಾಯ ತೆರಿಗೆ ಉಂಟು, ಬಾಡಿಗೆಯೂ ವರ್ಷದಿಂದ ವರ್ಷಕ್ಕೆ ಏರುತ್ತದೆ ಎನ್ನಬಹುದು, ಒಪ್ಪಿದೆವು. ಆದರೆ ವಾರ್ಷಿಕ ಶುಲ್ಕವೂ ಏರುವಂಥದೇ, ಮತ್ತು ಅದನ್ನು ಏರಿಸುವ ಅಧಿಕಾರವು ಕಂಪನಿಯ ಕೈಯಲ್ಲಿದೆ. ಕಾಯಿಲೆಯಿಂದ ಮಲಗಿದ ವರ್ಷವೂ ಆ ಶುಲ್ಕವನ್ನು ಕೊಡಬೇಕು.

ಇನ್ನು ಕಾಯಿದೆಯ ಮಾತು. ಕಾಯಿದೆಯು ಏನೂ ಕೊಟ್ಟಿಲ್ಲವೆಂದು ನಾವು ಹೇಳುವುದಿಲ್ಲ. 1872ರ ಕರಾರು ಕಾಯಿದೆಯ 19ನೆಯ ಕಲಮಿನ ಪ್ರಕಾರ ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಒಪ್ಪಿಗೆಯ ಮೇಲೆ ನಿಂತ ಕರಾರನ್ನು, ಹಾಗೆ ಒಪ್ಪಿದವನು ತನ್ನ ಇಚ್ಛೆಯಂತೆ ರದ್ದುಗೊಳಿಸಬಹುದು. ಅದೇ ಕಾಯಿದೆಯ 74ನೆಯ ಕಲಮು, ಕರಾರು ಮುರಿದವನಿಂದ ಕಾಗದದಲ್ಲಿ ಬರೆದ ದಂಡವನ್ನೆಲ್ಲ ವಸೂಲು ಮಾಡಲು ಬಿಡುವುದಿಲ್ಲ. ಯುಕ್ತವಾದ ಪರಿಹಾರವನ್ನಷ್ಟೇ ಒಪ್ಪುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ‘ಅನ್ಯಾಯದ ಕರಾರು’ ಎಂಬ ಹೊಸ ಪರಿಭಾಷೆಯನ್ನು ತಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಪಯನೀಯರ್ ಅರ್ಬನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮನೆ ಕೊಂಡವನಿಗೆ ಸಹಿ ಹಾಕದೆ ಬೇರೆ ದಾರಿಯೇ ಇರಲಿಲ್ಲವಾದ ಏಕಪಕ್ಷೀಯ ಕಲಮುಗಳು ಅವನನ್ನು ಕಟ್ಟಿಹಾಕಲಾರವೆಂದು ತೀರ್ಪಿತ್ತಿತು. ವಿವಾದಗಳೆಲ್ಲ ಪಂಚಾಯಿತಿದಾರರ ಮುಂದೆಯೇ ಹೋಗತಕ್ಕದ್ದೆಂಬ ಕಲಮು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂಬುದು 2018ರ ಎಮಾರ್ ಪ್ರಕರಣದಲ್ಲಿ ನಿರ್ಣಯವಾಯಿತು. ಫಿರ್ಯಾದಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದು; ಕೊಟ್ಟ ಹಣವು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಕಾಗದದಲ್ಲಿ ‘ಹಣ ಹಿಂತಿರುಗುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡು ಧೈರ್ಯಗೆಡುವ ಕಾರಣವಿಲ್ಲ. ಇಂಥ ಪ್ರಕರಣಗಳಲ್ಲಿ ಹಣ ಮರಳಿಸಬೇಕೆಂದು ಆಯೋಗಗಳು ಆಜ್ಞೆ ಮಾಡಿದ ಉದಾಹರಣೆಗಳು ದೇಶದಲ್ಲಿ ಅನೇಕವಾಗಿವೆ.

ಆದರೆ ಇವೆಲ್ಲ ಹಣ ಹೋದ ಮೇಲಿನ ಚಿಕಿತ್ಸೆಗಳು. ಮೋಸವಾಯಿತೆಂಬುದನ್ನು ಕೊಂಡವನು ರುಜುವಾತುಪಡಿಸಬೇಕು. ಸಂಗೀತದ ಗದ್ದಲದಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು? ಬಾಯಿಮಾತಿನ ಭರವಸೆಗಳಿಗೆ ಕಂಪನಿಯು ಬದ್ಧವಲ್ಲವೆಂಬ ಕಲಮನ್ನು ಮೊದಲೇ ಬರೆದಿಟ್ಟಿರುತ್ತಾರೆ. ವಂಚನೆಯಿದ್ದಲ್ಲಿ ಲಿಖಿತಕ್ಕೆ ವಿರುದ್ಧವಾಗಿಯೂ ಮೌಖಿಕ ಸಾಕ್ಷ್ಯವನ್ನು ಕೊಡಬಹುದೆಂದು ಸಾಕ್ಷ್ಯದ ಕಾಯಿದೆಯು ಹೇಳುತ್ತದೆ, ನಿಜ. ಆದರೆ ಅದಕ್ಕಾಗಿ ವಕೀಲರು, ವಾಯಿದೆಗಳು, ಪ್ರಮಾಣಪತ್ರಗಳು. ನೋಟೀಸು ಮುಟ್ಟಿದ ಮೂರು ತಿಂಗಳೊಳಗೆ ತೀರ್ಮಾನವಾಗಬೇಕೆಂದು 2019ರ ಕಾಯಿದೆಯು ಹೇಳಿದರೂ ಆಯೋಗಗಳ ಮುಂದೆ ಪ್ರಕರಣಗಳು ವರ್ಷಗಟ್ಟಲೆ ಬಿದ್ದಿರುವುದನ್ನು ಕಾಣದವರಿಲ್ಲ. ಎಪ್ಪತ್ತರ ಹತ್ತಿರದ ವೃದ್ಧರು ಈ ಓಟವನ್ನು ಓಡಲಿಕ್ಕಿಲ್ಲವೆಂಬ ಲೆಕ್ಕದ ಮೇಲೆಯೇ ಕೆಲವರ ವ್ಯಾಪಾರ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಕಂತಿನ ಸಾಲವು ಇನ್ನೊಂದು ತೊಡಕು. ಸದಸ್ಯತ್ವವನ್ನು ಕೊಡುವವನು ಒಬ್ಬ, ಅದಕ್ಕೆ ಸಾಲ ಕೊಡುವವನು ಇನ್ನೊಬ್ಬ. ಆ ಸಂಜೆ ಒಂದೇ ಮೇಜಿನ ಮೇಲೆ ಎರಡೂ ಕಾಗದಗಳಿಗೆ ಸಹಿಯಾಗುತ್ತದೆ. ಸದಸ್ಯತ್ವ ಬೇಡವೆಂದಾಗ ಮಾತ್ರ ಎರಡೂ ಬೇರೆ ಬೇರೆಯೆಂದು ಹೇಳುತ್ತಾರೆ. ಸಿಟ್ಟಿನಿಂದ ಬ್ಯಾಂಕಿನ ಖಾತೆಯನ್ನು ಬರಿದು ಮಾಡಿ ಕಂತನ್ನು ನಿಲ್ಲಿಸಿದವರನ್ನು ನಾವು ಕೇಳಿದ್ದೇವೆ. ಅದು ಅಪಾಯಕರ. ಹಣವಿಲ್ಲದೆ ಎಲೆಕ್ಟ್ರಾನಿಕ್ ಪಾವತಿಯು ತಿರಸ್ಕೃತವಾಗುವುದು, 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೆಯ ಕಲಮಿನ ಮೇರೆಗೆ, ಚೆಕ್ಕು ಮರಳಿದಂತೆಯೇ ಶಿಕ್ಷಾರ್ಹವಾದ ಅಪರಾಧ. ಬೇಡವೆಂದು ಬರೆದು ತಿಳಿಸುವಾಗ ಕಂಪನಿಗೂ ಸಾಲ ಕೊಟ್ಟವರಿಗೂ ಒಂದೇ ದಿನ ಬರೆಯಬೇಕು.

ಬೇರೆ ದೇಶಗಳು ಈ ರೋಗವನ್ನು ನಮಗಿಂತ ಮೊದಲು ಅನುಭವಿಸಿದುವು. ಸ್ಪೇನಿನ ಸಮುದ್ರತೀರಕ್ಕೆ ಬಿಸಿಲು ಕಾಯಲು ಹೋದ ಇಂಗ್ಲಿಷ್ ಜನರನ್ನು ಬೀದಿಯಲ್ಲಿ ತಡೆದು, ಕೆರೆದು ನೋಡುವ ಅದೃಷ್ಟದ ಚೀಟಿ ಕೊಟ್ಟು, ಸಭಾಂಗಣಕ್ಕೆ ಒಯ್ಯುವ ದಲ್ಲಾಳಿಗಳು ಅಲ್ಲಿ ಕುಖ್ಯಾತರಾದರು. ಬ್ರಿಟಿಷ್ ಪಾರ್ಲಿಮೆಂಟು 1992ರಲ್ಲಿ ಒಂದು ಕಾಯಿದೆ ಮಾಡಿ, ಕೊಂಡವನಿಗೆ ಮನಸ್ಸು ಬದಲಿಸಲು 14 ದಿನ ಕೊಟ್ಟಿತು. ಯುರೋಪಿನ ಒಕ್ಕೂಟವು 1994ರಲ್ಲಿ 10 ದಿನ ಕೊಟ್ಟು, 2008ರ ನಿರ್ದೇಶನದಲ್ಲಿ ಅದನ್ನು 14ಕ್ಕೆ ಏರಿಸಿತು. ಈ 2008ರ ನಿರ್ದೇಶನವನ್ನು ನಮ್ಮ ಅಧಿಕಾರಿಗಳು ಗಮನವಿಟ್ಟು ಓದಬೇಕು. ಕಾರಣ ಹೇಳದೆ ಹಿಂದೆಗೆಯುವ ಹಕ್ಕು. ಹಿಂದೆಗೆಯುವ ನಮೂನೆಯನ್ನು ಕರಾರಿಗೆ ಲಗತ್ತಿಸಿ ಕೊಡದಿದ್ದರೆ ಅವಧಿಯು ಒಂದು ವರ್ಷ 14 ದಿನಗಳಿಗೆ ವಿಸ್ತರಿಸುವುದು. ಅವಧಿ ಮುಗಿಯುವವರೆಗೆ ಮುಂಗಡವಾಗಿ ಒಂದು ಕಾಸನ್ನೂ ಪಡೆಯಕೂಡದು. ಕರಾರು ರದ್ದಾದರೆ ಅದಕ್ಕಾಗಿ ಎತ್ತಿದ ಸಾಲವೂ ಖರ್ಚಿಲ್ಲದೆ ತಾನಾಗಿ ರದ್ದಾಗುವುದು. ಕರಾರು ಕೊಳ್ಳುವವನ ದೇಶದ ಭಾಷೆಯಲ್ಲಿರಬೇಕು. ಅಮೇರಿಕದ ಫ್ಲಾರಿಡಾ ಸಂಸ್ಥಾನದಲ್ಲಿ 10 ದಿನದ ಹಕ್ಕುಂಟು, ಮತ್ತು ಅದನ್ನು ‘ನಾನು ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಯಿಸಿಕೊಳ್ಳುವುದಕ್ಕೂ ಆಸ್ಪದವಿಲ್ಲ. ಅಲ್ಲಿ ಈ ಉದ್ಯಮವು ನಾಶವಾಯಿತೆ? ಇಲ್ಲ, ಫ್ಲಾರಿಡಾವು ಈಗಲೂ ಅದರ ದೊಡ್ಡ ಕೇಂದ್ರಗಳಲ್ಲೊಂದು.

ನಮ್ಮ ದೇಶದಲ್ಲಿ ಈ ಸದಸ್ಯತ್ವಗಳಿಗೆಂದೇ ಮಾಡಿದ ಕಾಯಿದೆಯಿಲ್ಲ. ಕಂಪನಿಯು ತನ್ನ ಕರಾರಿನಲ್ಲಿ ಹತ್ತು ದಿನವೆಂದು ಬರೆದರೆ ಹತ್ತು ದಿನ, ಬರೆಯದಿದ್ದರೆ ಇಲ್ಲ. ಪಶ್ಚಾತ್ತಾಪದ ಮುದ್ದತು ಎಂಬ ತತ್ತ್ವವೇ ಇಲ್ಲಿ ಅಪರಿಚಿತವಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಹಾಗಿಲ್ಲವಲ್ಲ! ವಿಮೆಯ ಪಾಲಿಸಿಯನ್ನು ಕೈಗೆ ಬಂದ 30 ದಿನದೊಳಗೆ ಮರಳಿಸಬಹುದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ವಿಧಿಸಿದೆ. ಮೊಬೈಲಿನ ಮೂಲಕ ಸಾಲ ಪಡೆದವನು ಗೊತ್ತಾದ ಅವಧಿಯೊಳಗೆ ಅಸಲನ್ನೂ ಆ ದಿನಗಳ ಬಡ್ಡಿಯನ್ನೂ ಕೊಟ್ಟು ದಂಡವಿಲ್ಲದೆ ಹೊರಬರಬಹುದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಇನ್ನೂ ವಿಚಿತ್ರವಾದುದೊಂದುಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಅಂತರ್ಜಾಲದ ಮಾರಾಟಗಾರರ ಕುಯುಕ್ತಿಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅವುಗಳಲ್ಲಿ ‘ಸುಳ್ಳು ಅವಸರ’ವೂ ಒಂದು. ಮೊಬೈಲಿನ ಪರದೆಯ ಮೇಲೆ ‘ಈ ದರ ಇವತ್ತಿಗೆ ಮಾತ್ರ’ ಎಂದು ಸುಳ್ಳಾಗಿ ಮಿನುಗಿಸಿದರೆ ಅದು ನಿಷಿದ್ಧ. ಅದೇ ಮಾತನ್ನು ಹೋಟೆಲಿನ ಸಭಾಂಗಣದಲ್ಲಿ, ಬಾಗಿಲ ಬಳಿ ಇಬ್ಬರನ್ನು ನಿಲ್ಲಿಸಿ, ಬಾಯಿಯಿಂದ ಹೇಳಿದರೆ ಆ ಪಟ್ಟಿಯು ಅದನ್ನು ಮುಟ್ಟುವುದಿಲ್ಲ. ಯಂತ್ರವು ಆಡಬಾರದ ಸುಳ್ಳನ್ನು ಮನುಷ್ಯನು ಆಡಬಹುದೆ?

ಈಗಾಗಲೇ ಸಿಕ್ಕಿಬಿದ್ದವರಿಗೆ ಎರಡು ಮಾತು ಹೇಳುವುದು ನಮ್ಮ ಕರ್ತವ್ಯ. ಫೋನಿನಲ್ಲಿ ಮಾತಾಡುತ್ತ ದಿನ ಕಳೆಯಬೇಡಿರಿ. ಸಹಿ ಮಾಡಿದ ಮರುದಿನವೇ, ಸಾಧ್ಯವಾದರೆ ಅಂದೇ ರಾತ್ರಿ, ‘ಕರಾರನ್ನು ರದ್ದುಗೊಳಿಸಿದ್ದೇನೆ, ಹಣ ಮರಳಿಸತಕ್ಕದ್ದು’ ಎಂದು ಇ-ಮೇಲಿನಲ್ಲಿ ಬರೆಯಿರಿ; ಅದೇ ಒಕ್ಕಣೆಯನ್ನು ಸ್ವೀಕೃತಿಸಹಿತವಾಗಿ ಸ್ಪೀಡ್ ಪೋಸ್ಟಿನಲ್ಲಿ ನೋಂದಾಯಿತ ಕಚೇರಿಯ ವಿಳಾಸಕ್ಕೆ ಕಳುಹಿಸಿರಿ. (ನಾವೆಲ್ಲ ನಂಬಿದ್ದ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿದೆ.) ‘ರದ್ದು ಮಾಡುವಿರಾ?’ ಎಂದು ಬೇಡಬೇಡಿರಿ, ರದ್ದುಗೊಳಿಸಿದ್ದೇನೆಂದು ತಿಳಿಸಿರಿ. ಬಾಯಿಯಿಂದ ಏನೇನು ಹೇಳಿದರೆಂಬುದನ್ನು ನೆನಪು ಮಾಸುವ ಮೊದಲೇ ಗಂಡಹೆಂಡಿರು ಕೂತು ಬರೆದಿಡಿರಿ. ಕರೆಪತ್ರ, ಉಡುಗೊರೆಯ ಚೀಟಿ, ಮಾರುವವನು ಲೆಕ್ಕ ಗೀಚಿದ ಹಾಳೆ, ಯಾವುದನ್ನೂ ಎಸೆಯಬೇಡಿರಿ. ಚಿಕ್ಕ ಸದಸ್ಯತ್ವಕ್ಕೆ ಬದಲಿಸುತ್ತೇವೆಂದು ಬಂದರೆ ಹೊಸ ಕಾಗದಕ್ಕೆ ಸಹಿ ಮಾಡಬೇಡಿರಿ. ಹಳೆಯ ತಕರಾರು ಅದರಿಂದ ಮುಗಿದುಹೋಯಿತೆಂದು ಆಮೇಲೆ ವಾದಿಸುವರು. ಉತ್ತರ ಬಾರದಿದ್ದರೆ 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಅದರಿಂದಲೂ ಆಗದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಿರಿ. ಫಿರ್ಯಾದಿಗೆ ಎರಡು ವರ್ಷದ ಕಾಲಮಿತಿಯುಂಟು. ಕಂಪನಿಯ ಸಮಾಧಾನದ ಪತ್ರಗಳು ಆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಇನ್ನು ‘ನಿಮ್ಮ ಸದಸ್ಯತ್ವವನ್ನು ಒಳ್ಳೆಯ ಬೆಲೆಗೆ ಮಾರಿಸುತ್ತೇವೆ, ತೆರಿಗೆಯ ಮೊಬಲಗನ್ನು ಮೊದಲು ಕಟ್ಟಿರಿ’ ಎಂದು ಫೋನು ಮಾಡುವವರೊಬ್ಬರಿದ್ದಾರೆ. ಸಿಕ್ಕಿದವನನ್ನು ಎರಡನೆಯ ಸಲ ಸುಲಿಯುವ ತಂಡವದು. ಅವರಿಗೆ ಒಂದು ರೂಪಾಯಿಯನ್ನೂ ಕಳುಹಿಸಕೂಡದು.

ಮುದ್ದತು ಕೊಟ್ಟರೆ ಗಿರಾಕಿಗಳು ಹುಡುಗಾಟಕ್ಕೆ ಕೊಂಡು ಹುಡುಗಾಟಕ್ಕೆ ಮರಳಿಸುವರೆಂದು ಉದ್ಯಮದವರು ಹೇಳಬಹುದು. ಇಪ್ಪತ್ತೈದು ವರ್ಷ ಬಾಳಬೇಕಾದ ಸಂಬಂಧವು ಹದಿನಾಲ್ಕು ದಿನದ ವಿಚಾರವನ್ನು ತಾಳಲಾರದಾದರೆ, ಅದನ್ನು ಮಾರದಿರುವುದೇ ಲೇಸು. ಒಳ್ಳೆಯ ಸೇವೆ ಕೊಡುವ ಕಂಪನಿಗೆ ಇದರಿಂದ ನಷ್ಟವಿಲ್ಲ. ರಾತ್ರೋರಾತ್ರಿ ಫಲಕ ಬದಲಿಸುವವನಿಗೆ ಮಾತ್ರ ಉಂಟು. ಇದಕ್ಕಾಗಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡುವವರೆಗೆ ಕಾಯುವ ಅವಶ್ಯಕತೆಯೂ ಕಾಣುವುದಿಲ್ಲ. 2019ರ ಕಾಯಿದೆಯ 18ನೆಯ ಕಲಮಿನ ಮೇರೆಗೆ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸುವ ಅಧಿಕಾರವು ಕೇಂದ್ರ ಪ್ರಾಧಿಕಾರಕ್ಕಿದೆ. ಕೋಚಿಂಗ್ ಕೇಂದ್ರಗಳ ಸುಳ್ಳು ಜಾಹೀರಾತುಗಳ ವಿಷಯದಲ್ಲಿ ಆ ಪ್ರಾಧಿಕಾರವು 2024ರಲ್ಲಿ ಹಾಗೆಯೇ ಮಾಡಿತು. ವಿಹಾರ ಸದಸ್ಯತ್ವಗಳಿಗೂ ಅಂಥದೊಂದು ಸೂತ್ರಪತ್ರವನ್ನು ಅದು ಹೊರಡಿಸಲಿ: ಕರಾರಿನ ಪ್ರತಿಯು ಕೈಗೆ ಬಂದ ದಿನದಿಂದ 14 ದಿನ, ಆವರೆಗೆ ಹಣ ಪಡೆಯತಕ್ಕದ್ದಲ್ಲ, ಸಾಲವೂ ಕರಾರಿನೊಡನೆಯೇ ರದ್ದಾಗತಕ್ಕದ್ದು, ವಾರ್ಷಿಕ ಶುಲ್ಕವೂ ಅದನ್ನು ಏರಿಸುವ ಕ್ರಮವೂ ಮೊದಲನೆಯ ಪುಟದಲ್ಲಿಯೇ ಇರತಕ್ಕದ್ದು, ಮತ್ತು ಧಾರವಾಡದಲ್ಲಿಯೋ ದಾವಣಗೆರೆಯಲ್ಲಿಯೋ ಕನ್ನಡದಲ್ಲಿ ಮಾತಾಡಿ ಮಾರಿದ ಸದಸ್ಯತ್ವದ ಕರಾರು ಕನ್ನಡದಲ್ಲಿಯೂ ಇರತಕ್ಕದ್ದು. ಸಭಾಂಗಣದಲ್ಲಿ ನಾಲ್ಕು ಗಂಟೆ ಅಚ್ಚಗನ್ನಡದಲ್ಲಿ ಪುಸಲಾಯಿಸಬಲ್ಲವರಿಗೆ ಇಪ್ಪತ್ತು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಕಷ್ಟವಾಗಲಾರದು.